ಆಳುವವರೂ ಆಳುಗಳೂ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಮನೆಯಲ್ಲಿ ರೇಡಿಯೋದ ವಾರ್ತೆ ಮುಗಿಯುತ್ತಿದ್ದ ಹೊತ್ತಿಗೆ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ಬಂದು ನಿಂತ. ಹತ್ತು ಹನ್ನೆರಡು ವರ್ಷಗಳ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಸಂಧಿ ಸಮಾಸಗಳ ತಂಟೆಗೇ ಹೋಗದೆ ಪಾಸಾದ ಹುಡುಗ. ಈಗ ಹೆಂಡತಿ, ಮಗು, ವಯಸ್ಸಾದ ತಾಯಿ ಎಲ್ಲರ ಭಾರವೂ ಅವನ ಮೇಲೆ. ಅವನ ಕೈಯಲ್ಲಿ ಎರಡು ಹಾಳೆಗಳಿದ್ದವು.

“ಸಾರ್, ಇದರಲ್ಲಿ ಏನು ಬರೆದಿದೆ ಅಂತ ಸ್ವಲ್ಪ ಕನ್ನಡದಲ್ಲಿ ಹೇಳ್ತೀರಾ?” ಎಂದ.

ಒಂದು ಹಾಳೆ ಅವನನ್ನು ಅಮಾನತಿನಲ್ಲಿಟ್ಟ ಆಜ್ಞೆ. ಇನ್ನೊಂದು ಕಾರಣ ಕೇಳುವ ನೋಟೀಸು. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗಳ ಕಾಲ ಅಪ್ಪಣೆಯಿಲ್ಲದೆ ಕೆಲಸದ ಜಾಗ ಬಿಟ್ಟು ಹೋದದ್ದು ಅವನ ತಪ್ಪಂತೆ. ತಾಯಿಗೆ ಉಸಿರು ಸಿಕ್ಕಿಕೊಂಡಿತೆಂದು ಫೋನು ಬಂದಿತ್ತು. ಮೇಸ್ತ್ರಿಗೆ ಬಾಯಲ್ಲಿ ಹೇಳಿ ಓಡಿದ್ದ. ಆ ಮೇಸ್ತ್ರಿಗೆ ಈಗ ನೆನಪಿಲ್ಲ. ಕಾರ್ಖಾನೆಯ ಹೆಸರು ನಮಗೆ ಬೇಡ. ನಾನು ಓದಿ ಅರ್ಥ ಹೇಳಿ ಮುಗಿಸಿದ ಮೇಲೆ ಅವನು ಕೇಳಿದ: “ಇದಕ್ಕೆ ಉತ್ತರ ಬರೆಯಲೇಬೇಕಾ ಸಾರ್? ಅವರು ಧಣಿಗಳು. ಬೇಡ ಅಂದ್ರೆ ಬೇಡ, ಅಷ್ಟೇ ಅಲ್ವಾ?”

ವಾಚಕರೆ, ಈ ಲೇಖನ ಆ ಪ್ರಶ್ನೆಗೆ ಉತ್ತರ. ಅವನಿಗೆ ಅಂದು ಎರಡು ಮಾತಿನಲ್ಲಿ ಹೇಳಿದ್ದನ್ನು ತಮಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕನ್ನಡ ಪಂಡಿತನ ಚಪಲ, ಮೊದಲು ಮಾತಿನಿಂದಲೇ ಆರಂಭಿಸುತ್ತೇನೆ. ನಮ್ಮ ನುಡಿಯಲ್ಲಿ ‘ಆಳು’ ಎಂಬುದನ್ನು ಕ್ರಿಯಾಪದವಾಗಿ ಬಳಸಿದರೆ ರಾಜ್ಯವಾಳುವುದು ಎಂದರ್ಥ; ನಾಮಪದವಾಗಿ ಬಳಸಿದರೆ ಸೇವಕ ಎಂದರ್ಥ. ಅರಸ ಆಳುತ್ತಾನೆ, ಅವನ ಕೈಕೆಳಗಿನವನು ಆಳಾಗುತ್ತಾನೆ. ‘ಜೀತ’ ಎಂದರೆ ಇಂದು ನಾವು ಬೆಚ್ಚುತ್ತೇವೆ. ಆದರೆ ಅದು ‘ಜೀವಿತ’ದ ತದ್ಭವ, ಹಿಂದೆ ಬದುಕಿಗೆ ಬೇಕಾದ ವೇತನವೆಂಬುದೇ ಅದರ ಅರ್ಥವಾಗಿತ್ತು. ‘ಸಂಬಳ’ವು ಸಂಸ್ಕೃತದ ಶಂಬಲದಿಂದ ಬಂದದ್ದು, ದಾರಿಯ ಬುತ್ತಿ. ‘ಬಿಟ್ಟಿ’ ಎಂಬುದು ‘ವಿಷ್ಟಿ’ಯ ತದ್ಭವ, ಕೂಲಿಯಿಲ್ಲದೆ ದುಡಿಸಿಕೊಳ್ಳುವ ದುಡಿಮೆ. ಈಗ ಅದೇ ಮಾತನ್ನು ನಾವು ಪುಕ್ಕಟೆ ಸಿಕ್ಕ ವಸ್ತುವಿಗೆ ಸಂತೋಷದಿಂದ ಬಳಸುತ್ತೇವೆ! ದುಡಿಸಿಕೊಂಡವರ ನೆನಪು ಉಳಿದು, ದುಡಿದವರ ನೆನಪು ಅಳಿದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಧಣಿಯ ಅಧಿಕಾರಕ್ಕೆ ಎಲ್ಲೆ ಹಾಕಬೇಕೆಂಬ ಆಲೋಚನೆ ಹೊಸದೇನೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಕೂಲಿಕಾರರ ವಿಷಯ ಬಂದಿದೆ. ವೇತನ ಪಡೆದು ಕೆಲಸ ಮಾಡದವನಿಗೆ ಹನ್ನೆರಡು ಪಣ ದಂಡ, ಜೊತೆಗೆ ಕೆಲಸ ಮಾಡುವವರೆಗೆ ತಡೆದಿಡುವುದು. ವೇತನ ಕೊಡದ ಒಡೆಯನಿಗೆ ಆ ವೇತನದ ಹತ್ತನೆಯ ಒಂದು ಭಾಗ ಇಲ್ಲವೆ ಆರು ಪಣ ದಂಡ. ತಕ್ಕಡಿ ಯಾವ ಕಡೆ ವಾಲಿತ್ತೆಂಬುದನ್ನು ಈ ಹನ್ನೆರಡು ಮತ್ತು ಆರೇ ಹೇಳುತ್ತವೆ. ಆದರೂ ಅದೇ ಪ್ರಕರಣದಲ್ಲಿ ಇನ್ನೊಂದು ಮಾತುಂಟು: ಕೆಲಸಗಾರ ಅಶಕ್ತನಾದರೆ, ಕೆಲಸ ಹೀನವಾದುದಾದರೆ, ರೋಗ ಬಂದರೆ, ಅಥವಾ ಕಷ್ಟಕ್ಕೆ ಸಿಕ್ಕಿದರೆ ಅವನಿಗೆ ವಿನಾಯಿತಿ ಇದೆ, ಇಲ್ಲವೆ ಬೇರೊಬ್ಬನಿಂದ ಆ ಕೆಲಸ ಮಾಡಿಸಬಹುದು. ನನ್ನ ಶಿಷ್ಯನ ನೋಟೀಸನ್ನು ಬರೆದವರಿಗೆ ಹೊಳೆಯದ ‘ಕಷ್ಟ’ ಎಂಬ ಪದ ಕೌಟಿಲ್ಯನಂಥ ಕಠಿಣನಿಗೆ ಹೊಳೆದಿತ್ತು.

ನಮ್ಮ ಓಲ್ಡ್ ಟೌನಿನ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡಿದವರಿಗೆ ಹೊಯ್ಸಳರ ಪರಿಚಯ ಬೇಕಿಲ್ಲ. ಆ ಕಾಲದಲ್ಲಿ ಊಳಿಗವೆಂದರೆ ಒಪ್ಪಂದವಲ್ಲ, ವ್ರತ. ಒಡೆಯನ ಅನ್ನ ಉಂಡ ಋಣವೇ ಜೋಳವಾಳಿ. ಅವನೊಡನೆ ಸಾಯುವೆನೆಂಬ ಪ್ರತಿಜ್ಞೆ ವೇಳೆವಾಳಿ. ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಕುವರ ಲಕ್ಷ್ಮನು ತನ್ನ ಮಡದಿ ಮತ್ತು ಲೆಂಕರ ಸಮೇತ ಪ್ರಾಣ ಬಿಟ್ಟ ಕಥೆಯನ್ನು ಹಳೇಬೀಡಿನ ಕಂಬ ಇಂದಿಗೂ ಹೇಳುತ್ತದೆ. ಅದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ‘ಉಂಡ ಮನೆಗೆ ಎರಡು ಬಗೆಯಬೇಡ’ ಎಂಬ ಗಾದೆ ಉಂಡವನಿಗೆ ಮಾತ್ರ ಕಟ್ಟು ಹಾಕುತ್ತದೆ. ಉಣಿಸಿದವನಿಗೆ ಎದುರು ಗಾದೆ ನಾನೆಷ್ಟು ಹುಡುಕಿದರೂ ಸಿಕ್ಕಿಲ್ಲ.

ಈ ಋಣದ ಭಾವನೆಯನ್ನೇ ಮುಂದೆ ಕಾನೂನಿನ ಬೇಡಿಯನ್ನಾಗಿ ಮಾಡಿದವರು ಇಂಗ್ಲಿಷರು. 1859ರಲ್ಲಿ ಅವರು ಒಂದು ಕಾಯಿದೆ ಮಾಡಿದರು. ಮುಂಗಡ ಪಡೆದ ಕೆಲಸಗಾರ ಕೆಲಸಕ್ಕೆ ಬಾರದಿದ್ದರೆ ಮ್ಯಾಜಿಸ್ಟ್ರೇಟರು ‘ಹಣ ಕಟ್ಟು, ಇಲ್ಲವೆ ಕೆಲಸ ಮಾಡು’ ಎಂದು ಆಜ್ಞೆ ಮಾಡಬಹುದಿತ್ತು. ಎರಡನ್ನೂ ಮಾಡದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಧಣಿ ಮಾತು ತಪ್ಪಿದರೆ ಮಾತ್ರ ಆಳು ಸಿವಿಲ್ ದಾವಾ ಹೂಡಿ ಕಾಯಬೇಕು. ಮೈಸೂರು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಮೇಸ್ತ್ರಿಗಳ ಮೂಲಕ ಮುಂಗಡ ಕೊಟ್ಟು ಆಳು ತರಿಸುವ ಪದ್ಧತಿಗೆ ಈ ಕಾಯಿದೆಯೇ ಊರುಗೋಲು. 1925ರಲ್ಲಿ ಅದನ್ನು ರದ್ದುಪಡಿಸುವ ಕಾಯಿದೆ ಬಂದಿತು. ಅಂದರೆ ಕೆಲಸ ಬಿಡುವುದು ಅಪರಾಧವಲ್ಲವೆಂಬುದು ನಮ್ಮ ದೇಶದಲ್ಲಿ ಸ್ಥಿರವಾಗಿ ನೂರು ವರ್ಷವಾಯಿತಷ್ಟೆ.

ಅಷ್ಟರಲ್ಲಿ ನಮ್ಮೂರಿನ ಚರಿತ್ರೆ ತಿರುಗಿತ್ತು. ಬೆಂಕಿಪುರವೆಂದು ಹೆಸರಾಗಿದ್ದ ಊರು ಭದ್ರಾವತಿಯಾಯಿತು. 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ತೊಡಗಿತು; 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಣ ಕಾಡಿನ ಮರದ ಇದ್ದಿಲು, ಭದ್ರೆಯ ನೀರು. ಹೊಳೆಯ ಆಚೆ ನ್ಯೂ ಟೌನ್ ಎದ್ದಿತು, ಈಚೆ ನಾವು ಓಲ್ಡ್ ಟೌನಿನವರಾದೆವು. ನೇಗಿಲು ಹಿಡಿದ ಕೈ ಗಡಿಯಾರಕ್ಕೆ ಒಗ್ಗಬೇಕಾಯಿತು. ಮಳೆ ನೋಡಿ ಹೊಲಕ್ಕೆ ಹೋಗುತ್ತಿದ್ದವರು ಪಾಳಿ ನೋಡಿ ಗೇಟಿಗೆ ಹೋಗತೊಡಗಿದರು. ಕಾರ್ಖಾನೆಯ ಒಡೆತನ ಮಹಾರಾಜರ ಸರ್ಕಾರದ್ದು, ಶಿಸ್ತು ವಿಶ್ವೇಶ್ವರಯ್ಯನವರದು. 1923ರಿಂದ 1929ರವರೆಗೆ ಕಾರ್ಖಾನೆಯ ಮಂಡಳಿಯ ಅಧ್ಯಕ್ಷರಾಗಿ ಅವರು ನಷ್ಟದ ಕಾರ್ಖಾನೆಯನ್ನು ನೆಲೆಗೆ ತಂದರು. ಸರ್ಕಾರವೇ ಧಣಿಯಾದಲ್ಲಿ ಆಳಿಗೆ ಒಂದು ಅನುಕೂಲ, ಒಂದು ತೊಡಕು: ಸಂಬಳ ತಪ್ಪದು, ಆದರೆ ಧಣಿಯ ಮೇಲೆ ದೂರು ಹೇಳಲು ಹೋದರೆ ಎದುರು ಕುಳಿತವನೂ ಧಣಿಯೇ.

1918ರಲ್ಲಿಯೇ ಮದರಾಸಿನಲ್ಲಿ ಇನ್ನೊಂದು ಕೆಲಸ ಆರಂಭವಾಗಿತ್ತು. ಬಿನ್ನಿ ಕಂಪನಿಯ ಬಟ್ಟೆ ಗಿರಣಿಗಳ ಕೂಲಿಕಾರರು ಬಿ. ಪಿ. ವಾಡಿಯಾ ಅವರ ನೇತೃತ್ವದಲ್ಲಿ ಮದರಾಸು ಕಾರ್ಮಿಕ ಸಂಘ ಕಟ್ಟಿದರು. ಕೆಲಸಗಾರರನ್ನು ಒಪ್ಪಂದ ಮುರಿಯುವಂತೆ ಪ್ರೇರಿಸಿದರೆಂದು ಕಂಪನಿಯವರು ಸಂಘದ ನಾಯಕರ ಮೇಲೆಯೇ ಹೈಕೋರ್ಟಿನಲ್ಲಿ ದಾವಾ ಹೂಡಿದರು, ತಡೆಯಾಜ್ಞೆಯೂ ಸಿಕ್ಕಿತು. ಸಂಘ ಕಟ್ಟುವುದೇ ತಪ್ಪೆನ್ನುವ ಈ ಸ್ಥಿತಿಯನ್ನು 1926ರ ಕಾರ್ಮಿಕ ಸಂಘಗಳ ಕಾಯಿದೆ ನಿವಾರಿಸಿತು. ಅದು ಬ್ರಿಟಿಷ್ ಇಂಡಿಯಾದ ಮಾತು. ನಮ್ಮ ಸಂಸ್ಥಾನದಲ್ಲಿ 1930ರಲ್ಲಿ ಕೋಲಾರದ ಚಿನ್ನದ ಗಣಿಯವರು ತಮ್ಮ ಬೆರಳ ಗುರುತು ತೆಗೆದು ಪಟ್ಟಿ ಮಾಡುವ ಕ್ರಮವನ್ನು ಪ್ರತಿಭಟಿಸಿ ಕೆಲಸ ನಿಲ್ಲಿಸಿದರು. ಕೂಲಿ ಹೆಚ್ಚಿಸಿರೆಂದಲ್ಲ, ‘ನಾವು ಕಳ್ಳರಲ್ಲ’ ಎಂದು. ಕಡೆಗೆ 1941ರ ತುರ್ತು ಶಾಸನ, ಅದರ ಹಿಂದೆಯೇ 1942ರ ಮೈಸೂರು ಕಾರ್ಮಿಕ ಕಾಯಿದೆ ಬಂದು, ಸಂಸ್ಥಾನದಲ್ಲಿ ಕಾರ್ಮಿಕರ ಸಂಘಗಳಿಗೆ ಮಾನ್ಯತೆಯೂ ವಿವಾದಗಳಿಗೆ ರಾಜಿಯ ಮಾರ್ಗವೂ ದೊರೆತವು.

ಇನ್ನು ನನ್ನ ಶಿಷ್ಯನ ಪ್ರಶ್ನೆಯ ತಿರುಳಿಗೆ ಬರೋಣ. ಧಣಿ ಬೇಡವೆಂದರೆ ಮುಗಿಯಿತೆ?

ಹಳೆಯ ಇಂಗ್ಲಿಷ್ ಕಾನೂನಿನ ಪ್ರಕಾರ ಹೆಚ್ಚುಕಡಿಮೆ ಮುಗಿಯಿತು. ಊಳಿಗವೆಂಬುದು ಇಬ್ಬರ ಒಡಂಬಡಿಕೆ. ಅದನ್ನು ಧಣಿ ತಪ್ಪಾಗಿ ಮುರಿದರೆ ನಷ್ಟ ಪರಿಹಾರದ ಹಣ ಕೊಡಿಸಬಹುದು, ಆದರೆ ಬೇಡವೆಂದವನ ಮನೆಗೆ ಆಳನ್ನು ತಿರುಗಿ ತಳ್ಳಲು ನ್ಯಾಯಾಲಯಕ್ಕೆ ಬಾರದು. ಇದನ್ನು ಮುರಿದದ್ದು ಮೂರು ಹೆಜ್ಜೆಗಳಲ್ಲಿ. 1946ರಲ್ಲಿ ಸ್ಥಾಯಿ ಆಜ್ಞೆಗಳ ಕಾಯಿದೆ ಬಂದಿತು. ನೂರು ಜನರಿಗೆ ಮೇಲ್ಪಟ್ಟ ಕಾರ್ಖಾನೆಯವರು ಕೆಲಸದ ನಿಯಮಗಳನ್ನು ಬರೆದು, ಅಧಿಕಾರಿಯಿಂದ ಪ್ರಮಾಣೀಕರಿಸಿ, ಕಾರ್ಮಿಕರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು. ಯಾವುದು ತಪ್ಪು, ಅದಕ್ಕೆ ಯಾವ ಶಿಕ್ಷೆ, ರಜೆ ಹೇಗೆ, ಎಲ್ಲವೂ ಬರಹದಲ್ಲಿ. ಅಲ್ಲಿಯವರೆಗೆ ಮ್ಯಾನೇಜರ ಬಾಯಿಂದ ಬಂದದ್ದೇ ನಿಯಮ. 1947ರಲ್ಲಿ ಕೈಗಾರಿಕಾ ವಿವಾದಗಳ ಕಾಯಿದೆ ಬಂದು ನ್ಯಾಯಾಧಿಕರಣಗಳಾದವು. 1949ರಲ್ಲಿ ಫೆಡರಲ್ ಕೋರ್ಟು, ವಜಾ ಆದವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಆಜ್ಞೆ ಮಾಡುವ ಅಧಿಕಾರ ಈ ನ್ಯಾಯಾಧಿಕರಣಕ್ಕೆ ಇದೆ ಎಂದು ತೀರ್ಪಿತ್ತಿತು. ಒಡಂಬಡಿಕೆ ಹೇಳದಿದ್ದುದನ್ನೂ ಅದು ಕೊಡಿಸಬಲ್ಲುದು! ಕಾನೂನಿನವರಿಗೆ ಇದು ಒಂದು ಸಾಲಿನ ತೀರ್ಪು. ಕೆಲಸಗಾರನಿಗೆ ಇದು ಹಣದ ಬದಲು ಅನ್ನದ ತಟ್ಟೆಯೇ ತಿರುಗಿ ಬಂದಂತೆ.

ಆಮೇಲೆ ಹಗ್ಗ ಎಳೆಯುವ ಆಟ ನಡೆಯಿತು. 1957ರಲ್ಲಿ ಸುಪ್ರೀಂ ಕೋರ್ಟು ಒಂದು ಉಕ್ಕಿನ ಕಂಪನಿಯ ಮೊಕದ್ದಮೆಯಲ್ಲಿ ಹೀಗೆಂದಿತು: ಶಿಸ್ತಿನ ವಿಷಯ ಆಡಳಿತದವರದು. ಅವರಲ್ಲಿ ಸದ್ಭಾವವಿಲ್ಲದಿದ್ದರೆ, ಸೇಡು ತೀರಿಸಿಕೊಂಡಿದ್ದರೆ, ಸಹಜ ನ್ಯಾಯವನ್ನು ಮೀರಿದ್ದರೆ, ಅಥವಾ ತೀರ್ಮಾನಕ್ಕೆ ಆಧಾರವೇ ಇಲ್ಲದಿದ್ದರೆ ಮಾತ್ರ ನ್ಯಾಯಾಧಿಕರಣ ಕೈಹಾಕಬಹುದು. ಸಣ್ಣ ತಪ್ಪಿಗೆ ದೊಡ್ಡ ಶಿಕ್ಷೆ ಎಂದಷ್ಟರಿಂದಲೇ ಮಧ್ಯೆ ಬರುವಂತಿಲ್ಲ. 1965ರ ತಿದ್ದುಪಡಿಯಿಂದ, ಸಂಘ ಬೆನ್ನಿಗೆ ನಿಲ್ಲದಿದ್ದರೂ ವಜಾ ಆದ ಒಬ್ಬಂಟಿಗನ ದೂರೂ ಕೈಗಾರಿಕಾ ವಿವಾದವೆನಿಸಿತು. 1971ರ ತಿದ್ದುಪಡಿಯಾದರೋ 1957ರ ಗೆರೆಯನ್ನೇ ಅಳಿಸಿತು. ಅಂದಿನಿಂದ ನ್ಯಾಯಾಧಿಕರಣ ಸಾಕ್ಷ್ಯವನ್ನು ತಾನೇ ತೂಗಬಹುದು, ವಜಾವನ್ನು ತೆಗೆದು ಚಿಕ್ಕ ಶಿಕ್ಷೆಯನ್ನು ವಿಧಿಸಬಹುದು. ಎರಡು ಗಂಟೆ ಗೈರುಹಾಜರಿಗೆ ಇಡೀ ಜೀವನೋಪಾಯ ಕಳೆಯಬೇಕೆ ಎಂದು ಕೇಳುವ ಅಧಿಕಾರ ಹೀಗೆ ಹುಟ್ಟಿತು.

‘ಸಹಜ ನ್ಯಾಯ’ ಎಂದೆನಲ್ಲ, ಅದು ಏನು ಎಂದು ಕೇಳುವಿರಾದರೆ, ಮನೆಯಲ್ಲಿ ಇಬ್ಬರು ಮಕ್ಕಳು ಜಗಳವಾಡಿಕೊಂಡು ಬಂದಾಗ ಒಬ್ಬನ ಮಾತನ್ನಷ್ಟೇ ಕೇಳಿ ಇನ್ನೊಬ್ಬನಿಗೆ ಹೊಡೆಯಬಾರದು ಎಂಬ ತಾಯಿಯ ವಿವೇಕವೇ ಅದು. ತಪ್ಪೇನೆಂದು ಬರಹದಲ್ಲಿ ತಿಳಿಸಬೇಕು. ಉತ್ತರಕ್ಕೆ ಕಾಲ ಕೊಡಬೇಕು. ದೂರಿದವನೇ ವಿಚಾರಕನಾಗಬಾರದು. ಸಾಕ್ಷಿಗಳನ್ನು ಅವನೆದುರಿಗೇ ಕೇಳಬೇಕು, ಅವನು ಅವರನ್ನು ಪಾಟೀಸವಾಲು ಮಾಡಲು ಬಿಡಬೇಕು, ಜೊತೆಗೊಬ್ಬ ಸಹಕಾರ್ಮಿಕನನ್ನು ಕೂರಿಸಿಕೊಳ್ಳಲು ಅವಕಾಶವಿರಬೇಕು. ಅಮಾನತೆಂದರೆ ಉಪವಾಸವಲ್ಲ: ಮೊದಲ 90 ದಿನ ಅರ್ಧ ಸಂಬಳ, ವಿಚಾರಣೆ ತಡವಾದದ್ದು ನೌಕರನಿಂದಲ್ಲವಾದರೆ ಆಮೇಲೆ ಮುಕ್ಕಾಲು. ಆದ್ದರಿಂದಲೇ ನಾನು ಅವನಿಗೆ ಹೇಳಿದ್ದು: ಉತ್ತರ ಬರೆಯಲೇಬೇಕಪ್ಪಾ. ನೀನು ಸುಮ್ಮನಿದ್ದರೆ ಅದನ್ನೇ ಒಪ್ಪಿಗೆ ಎಂದು ಓದುತ್ತಾರೆ.

ಆದರೆ ಹಾಳೆಗಳನ್ನು ಇನ್ನೊಮ್ಮೆ ನೋಡಿದಾಗ ನನಗೇ ಗೊಂದಲವಾಯಿತು. ಮೇಲೆ ಅಚ್ಚಾಗಿದ್ದುದು ಕಾರ್ಖಾನೆಯ ಹೆಸರಲ್ಲ, ಗುತ್ತಿಗೆದಾರನ ಹೆಸರು. ಆರು ವರ್ಷದಿಂದ ಒಂದೇ ಗೇಟು, ಒಂದೇ ಯಂತ್ರ, ಕೆಲಸ ಹೇಳುವವರು ಕಾರ್ಖಾನೆಯ ಇಂಜಿನಿಯರು; ಸಂಬಳದ ಚೀಟಿ ಮಾತ್ರ ಬೇರೆಯವರದು. ಆ ಆರು ವರ್ಷಗಳಲ್ಲಿ ಗುತ್ತಿಗೆದಾರರು ಮೂವರು ಬದಲಾಗಿದ್ದಾರೆ, ಇವನು ಬದಲಾಗಿಲ್ಲ. ಧಣಿ ಯಾರು? ಇಂದಿನ ಕಾಲದ ನಿಜವಾದ ಪ್ರಶ್ನೆ ಇದು.

ಗುತ್ತಿಗೆ ಕಾರ್ಮಿಕರಿಗಾಗಿ 1970ರಲ್ಲಿ ಕಾಯಿದೆಯಾಯಿತು. ಗುತ್ತಿಗೆದಾರ ಕೂಲಿ ಕೊಡದೆ ಕೈಯೆತ್ತಿದರೆ ಮೂಲ ಮಾಲೀಕನೇ ಕೊಡಬೇಕೆಂಬ ಒಳ್ಳೆಯ ಮಾತು ಅದರಲ್ಲಿತ್ತು. ಹೊಸ ಕಾನೂನಿನಲ್ಲಿಯೂ ಅದು ಉಳಿದಿದೆ. ಆದರೆ ಗುತ್ತಿಗೆ ಪದ್ಧತಿಯನ್ನು ಸರ್ಕಾರ ಒಂದು ಕೆಲಸದಲ್ಲಿ ನಿಷೇಧಿಸಿದರೆ ಅಲ್ಲಿದ್ದವರು ತಾವಾಗಿಯೇ ಮಾಲೀಕನ ಖಾಯಂ ನೌಕರರಾಗುವರೇ? 1996ರಲ್ಲಿ ಸುಪ್ರೀಂ ಕೋರ್ಟು ಆಗುವರೆಂದಿತು. 2001ರಲ್ಲಿ ಐವರು ನ್ಯಾಯಾಧೀಶರ ಪೀಠ ಆಗುವುದಿಲ್ಲವೆಂದು ಅದನ್ನು ತಳ್ಳಿತು. ಗುತ್ತಿಗೆಯೇ ಬರಿಯ ಮುಸುಕೆಂದು ರುಜುವಾತಾದರೆ ಮಾತ್ರ ಕಾರ್ಮಿಕ ಮಾಲೀಕನವನು. ಆ ಮೊಕದ್ದಮೆಯಲ್ಲಿ ಹೆಸರಿದ್ದುದು ಭಾರತೀಯ ಉಕ್ಕು ಪ್ರಾಧಿಕಾರದ್ದು. ವಿವಾದ ಹುಟ್ಟಿದ್ದು ನಮ್ಮೂರಿನಲ್ಲಲ್ಲ. ಆದರೆ ನಮ್ಮ ಕಾರ್ಖಾನೆ 1989ರಲ್ಲಿ ಅದೇ ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲಿಯೇ ವಿಲೀನವಾಗಿತ್ತು. 2006ರಲ್ಲಿ ಕರ್ನಾಟಕದಿಂದಲೇ ಹೋದ ಉಮಾದೇವಿ ಮೊಕದ್ದಮೆಯಲ್ಲಿ, ಸರ್ಕಾರಿ ಇಲಾಖೆಗಳಲ್ಲಿ ಕ್ರಮಬದ್ಧ ನೇಮಕವಿಲ್ಲದೆ ಸೇರಿದ ದಿನಗೂಲಿಗಳು ದೀರ್ಘಕಾಲ ದುಡಿದರೆಂಬ ಮಾತ್ರಕ್ಕೆ ಖಾಯಮಾತಿ ಕೇಳಲಾಗದೆಂದಾಯಿತು. ಅರ್ಜಿ ಹಾಕಿ ಹೊರಗೆ ನಿಂತಿರುವ ನಿರುದ್ಯೋಗಿಗಳಿಗೂ ಸಮಾನ ಅವಕಾಶ ಬೇಡವೆ ಎಂಬುದು ಆ ತೀರ್ಪಿನ ನ್ಯಾಯ. ಅದನ್ನು ಅಲ್ಲಗಳೆಯಲಾರೆ. ಹತ್ತು ವರ್ಷ ದುಡಿಸಿಕೊಂಡ ಮೇಲೆ ‘ನಿನ್ನ ನೇಮಕವೇ ಸರಿಯಿಲ್ಲ’ ಎನ್ನುವುದನ್ನೂ ಒಪ್ಪಲಾರೆ.

ಭದ್ರಾವತಿಯವರಿಗೆ ಇದು ಪುಸ್ತಕದ ಮಾತಲ್ಲ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ. ಬೀದಿಗೆ ಬಂದು ತಿಂಗಳುಗಟ್ಟಲೆ ಧರಣಿ ಕುಳಿತವರಲ್ಲಿ ಮುಂದಿದ್ದವರು ಗುತ್ತಿಗೆ ಕಾರ್ಮಿಕರು. ಕಾರಣ ಸ್ಪಷ್ಟ: ಖಾಯಂ ನೌಕರನಿಗೆ ವರ್ಗಾವಣೆ ಉಂಟು, ನಿವೃತ್ತಿ ವೇತನದ ಲೆಕ್ಕ ಉಂಟು, ಗುತ್ತಿಗೆಯವನಿಗೆ ಗೇಟು ಮುಚ್ಚಿದರೆ ಎಲ್ಲವೂ ಮುಚ್ಚಿತು.

ಈಗ ಹಳೆಯ ಇಪ್ಪತ್ತೊಂಬತ್ತು ಕೇಂದ್ರ ಕಾಯಿದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಕೊಟ್ಟದ್ದೂ ಉಂಟು, ಕಳೆದದ್ದೂ ಉಂಟು. ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕದ ಪತ್ರ ಕೊಡಲೇಬೇಕು. ಗೊತ್ತಾದ ಅವಧಿಗೆ ಸೇರಿದವನಿಗೂ ಒಂದು ವರ್ಷ ಪೂರೈಸಿದರೆ ಗ್ರಾಚುಯಿಟಿ. ಆದರೆ ಸ್ಥಾಯಿ ಆಜ್ಞೆಗಳು ಈಗ 300 ಮಂದಿ ಇರುವಲ್ಲಿ ಮಾತ್ರ ಕಡ್ಡಾಯ. ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಅಪ್ಪಣೆ ಬೇಕಾಗುವ ಮಿತಿಯೂ 100ರಿಂದ 300ಕ್ಕೆ ಏರಿದೆ. ಮುಷ್ಕರಕ್ಕೆ ಹದಿನಾಲ್ಕು ದಿನಗಳ ಮುನ್ಸೂಚನೆ ಎಲ್ಲ ಉದ್ಯಮಗಳಲ್ಲಿಯೂ ಬೇಕು. ವಜಾ ಆದವನು ದೂರು ಕೊಡಲು ಮೂರು ವರ್ಷವಿದ್ದುದು ಎರಡಾಗಿದೆ. ವಜಾವನ್ನು ತೂಗಿ ನೋಡುವ ನ್ಯಾಯಾಧಿಕರಣದ ಅಧಿಕಾರ ಮಾತ್ರ, ಸದ್ಯ, ಹಾಗೆಯೇ ಇದೆ. ದೊಡ್ಡ ಕಾರ್ಖಾನೆಗಳು ಸಣ್ಣ ಗುತ್ತಿಗೆದಾರರಾಗಿ ಒಡೆಯುತ್ತಿರುವ ಕಾಲದಲ್ಲಿ 300ರ ಮಿತಿಯೊಳಗೆ ಎಷ್ಟು ಮಂದಿ ಉಳಿಯುವರೆಂದು ನಾನು ಯೋಚಿಸುವುದುಂಟು.

ಇಲ್ಲಿ ಒಂದು ಉಪಕಥೆ. ಬೆಂಗಳೂರಿನ ನೀರು ಸರಬರಾಜು ಮಂಡಳಿ ತನ್ನ ಕೆಲವು ನೌಕರರಿಗೆ ತಪ್ಪಿಗಾಗಿ ದಂಡ ಹಾಕಿ ಹಣ ವಸೂಲು ಮಾಡಿತು. ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ ಮಂಡಳಿ, ‘ನಾವು ಜನರಿಗೆ ನೀರು ಕೊಡುವವರು, ನಮ್ಮದು ಉದ್ಯಮವೇ ಅಲ್ಲ’ ಎಂದಿತು. ಅದೇ ಮೊಕದ್ದಮೆಯಲ್ಲಿ 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರಿದ್ದ ಏಳು ಜನರ ಪೀಠ ಉದ್ಯಮದ ಅರ್ಥವನ್ನು ವಿಸ್ತರಿಸಿತು: ಆಸ್ಪತ್ರೆ, ವಿದ್ಯಾಸಂಸ್ಥೆ ಎಲ್ಲವೂ ಒಳಗೆ. ಉಪಾಧ್ಯಾಯರು ಸಂತೋಷಪಟ್ಟೆವು. ಆದರೆ 1988ರಲ್ಲಿ, ಶಾಲೆ ಉದ್ಯಮವಾದರೂ ಉಪಾಧ್ಯಾಯನು ‘ಕೆಲಸಗಾರ’ನಲ್ಲ, ಅವನದು ಉದಾತ್ತ ವೃತ್ತಿ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಶಾಲೆಯ ಜವಾನನಿಗೆ ಇರುವ ಬಾಗಿಲು ಪಂಡಿತನಿಗೆ ಇಲ್ಲ. ಉದಾತ್ತತೆಗೆ ಬೆಲೆ ತೆರಬೇಕಷ್ಟೆ!

ಇನ್ನೂ ಒಬ್ಬರು ಹೊರಗೇ ನಿಂತಿದ್ದಾರೆ. ಈ ಪುಟವನ್ನು ತಾವು ಓದುತ್ತಿರುವಾಗ ಹಿತ್ತಲಲ್ಲಿ ಪಾತ್ರೆಯ ಸದ್ದಾಗುತ್ತಿರಬಹುದು. ಮನೆಗೆಲಸವನ್ನು ಕೈಗಾರಿಕಾ ಸಂಹಿತೆ ಉದ್ಯಮದ ಅರ್ಥದಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಮನೆಗೆಲಸದವರಿಗೂ ಕನಿಷ್ಠ ವೇತನವನ್ನು 2004ರಲ್ಲಿಯೇ ಗೊತ್ತುಪಡಿಸಿದ ಕೀರ್ತಿ ನಮ್ಮ ಕರ್ನಾಟಕದ್ದು. ಆ ದರ ಎಷ್ಟೆಂದು ನಮ್ಮ ಬೀದಿಯಲ್ಲಿ ವಿಚಾರಿಸಿದೆ, ಒಂದು ಮನೆಯವರಿಗೂ ತಿಳಿದಿರಲಿಲ್ಲ. ನಮ್ಮ ಮನೆಯವರಿಗೂ ತಿಳಿದಿರಲಿಲ್ಲ. ನಮ್ಮಲ್ಲಿ ಒಂಬತ್ತು ವರ್ಷದಿಂದ ಬರುತ್ತಿರುವಾಕೆಗೆ ವಾರದ ರಜೆ ಎಂದು ಗೊತ್ತುಮಾಡಿದ್ದು ಇದೇ ತಿಂಗಳು. ಶಿಷ್ಯನ ನೋಟೀಸಿಗೆ ನಾನು ಉತ್ತರ ಬರೆಯುತ್ತಿದ್ದುದನ್ನು ಕೇಳಿಸಿಕೊಂಡ ನನ್ನ ಹೆಂಡತಿ, “ನಮ್ಮ ಗೇಟಿನ ನಿಯಮ ಎಲ್ಲಿ ತೂಗುಹಾಕಿದೆ?” ಎಂದು ಕೇಳಿದಳು. ನಾನು ಕನ್ನಡಕ ಒರೆಸಿಕೊಂಡೆ.

ಉತ್ತರವನ್ನು ಕನ್ನಡದಲ್ಲಿಯೇ ಬರೆದೆವು, ಒಂದೂವರೆ ಪುಟ. ತಾಯಿಯ ಆಸ್ಪತ್ರೆಯ ಚೀಟಿಯ ನಕಲು, ಫೋನು ಬಂದ ವೇಳೆ, ಮೇಸ್ತ್ರಿಗೆ ಹೇಳುವಾಗ ಹತ್ತಿರದಲ್ಲಿದ್ದ ಇಬ್ಬರ ಹೆಸರು, ಆರು ವರ್ಷದಲ್ಲಿ ಹಿಂದೆ ಒಂದು ತಪ್ಪೂ ಇಲ್ಲವೆಂಬ ಮಾತು. ಒಂದು ಪ್ರತಿಯನ್ನು ಗುತ್ತಿಗೆದಾರನಿಗೆ, ಇನ್ನೊಂದನ್ನು ಕಾರ್ಖಾನೆಗೆ ಕೊಟ್ಟು, ತಲುಪಿದ್ದಕ್ಕೆ ಸಹಿ ಹಾಕಿಸಿಕೋ ಎಂದೆ. ಗುತ್ತಿಗೆದಾರ ಸಹಿ ಹಾಕಿದನಂತೆ. ಕಾರ್ಖಾನೆಯ ಗೇಟಿನಲ್ಲಿ ‘ನೀನು ನಮ್ಮವನಲ್ಲ’ ಎಂದು ಕಾಗದ ತಿರುಗಿ ಕೊಟ್ಟರಂತೆ. ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀತಿ ಇಟ್ಟುಕೊಂಡಿದ್ದಾನೆ. ವಿಚಾರಣೆ ಮುಂದಿನ ವಾರ. ಜೊತೆಗೆ ಕೂರಲು ಒಬ್ಬ ಸಹಕಾರ್ಮಿಕನನ್ನು ಕೇಳಿದ್ದಾನೆ; ಅವನೂ ಗುತ್ತಿಗೆಯವನೇ, ಇನ್ನೂ ಒಪ್ಪಿಲ್ಲ.